ಎರಡೂವರೆ ವರ್ಷದ ಲೆಕ್ಕ

ಕೊಪ್ಪಳ ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ‘ಕೋಚ್’ ಅಂದರೆ ಎಲ್ಲರೂ ಹಳಿ ಕಡೆ ನೋಡುತ್ತಾರೆ. ಹಂಪಿ ಎಕ್ಸ್‌ಪ್ರೆಸ್ಸಿನ ಎಸ್-4 ಎಲ್ಲಿ ನಿಲ್ಲುತ್ತೆ ಅನ್ನೋದಷ್ಟೇ ಅಲ್ಲಿನ ಕೋಚಿನ ವಿಷಯ. ಅದೇ ರೈಲು ಹತ್ತಿ ಬೆಂಗಳೂರಲ್ಲಿ ಇಳಿದರೆ ಪದದ ಅರ್ಥ ಬದಲಾಗಿರುತ್ತೆ. ಕೆರಿಯರ್ ಕೋಚ್, ಫಿಟ್‌ನೆಸ್ ಕೋಚ್, ರಿಲೇಷನ್‌ಶಿಪ್ ಕೋಚ್, ಎಲ್ಲಕ್ಕೂ ಮೇಲೆ ಲೈಫ್ ಕೋಚ್.

ತಮಾಷೆ ಏನಂದರೆ ಎರಡೂ ಒಂದೇ ಪದ. ಹಂಗೇರಿ ದೇಶದಲ್ಲಿ ‘ಕೋಚ್’ ಅಂತ ಒಂದು ಹಳ್ಳಿ ಇದೆ. ಹದಿನೈದನೇ ಶತಮಾನದಲ್ಲಿ ಅಲ್ಲಿನ ಬಡಿಗೇರರು ಮಾಡುತ್ತಿದ್ದ ಕುದುರೆ ಗಾಡಿ ಯುರೋಪಿನಲ್ಲೆಲ್ಲ ಹೆಸರುವಾಸಿಯಾಯ್ತು, ಊರಿನ ಹೆಸರು ಗಾಡಿಗೇ ಅಂಟಿಕೊಂಡಿತು. 1830ರ ಸುಮಾರಿಗೆ ಆಕ್ಸ್‌ಫರ್ಡ್ ಹುಡುಗರು ತಮ್ಮನ್ನು ಪರೀಕ್ಷೆ ದಾಟಿಸುವ ಮನೆಪಾಠದ ಮೇಷ್ಟ್ರಿಗೆ ಅದೇ ಹೆಸರಿಟ್ಟು ಗೇಲಿ ಮಾಡಿದರು. ಅಲ್ಲಿಂದ ಪದ ಆಟದ ಮೈದಾನಕ್ಕೆ ಹೋಯ್ತು, ಮೈದಾನದಿಂದ ಆಫೀಸಿಗೆ, ಆಫೀಸಿನಿಂದ ನಮ್ಮ ಬದುಕಿಗೆ. ಅಂದರೆ ಲೈಫ್ ಕೋಚ್ ಅನ್ನೋದರ ಮೂಲದಲ್ಲಿ ಇರೋದು ಒಂದು ಬಂಡಿ. ಬಂಡಿ ನಿಮ್ಮನ್ನ ಕರಕೊಂಡು ಹೋಗುತ್ತೆ. ಯಾವ ಊರಿಗೆ ಅಂತ ನೀವೇ ಹೇಳಬೇಕು, ಊರು ಬಂದಮೇಲೆ ನೀವೇ ಇಳಿಯಬೇಕು.

ಇದನ್ನ ಯೋಚಿಸುವ ಹಾಗೆ ಮಾಡಿದ್ದು ನನ್ನ ಗೆಳೆಯನೊಬ್ಬನ ಫೋನು. ಅವನು ಗಂಗಾವತಿ ಕಡೆಯವನು, ನಾನು ಕುಷ್ಟಗಿ ತಾಲೂಕಿನ ಹಳ್ಳಿಯವನು. ಅವರದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ನಮ್ಮದು ಮಳೆ ನೋಡುತ್ತಾ ಕೂರುವ ಎರೆ ಹೊಲ. ಹಾಸ್ಟೆಲಿನಲ್ಲಿ ಇದೇ ವಿಷಯಕ್ಕೆ ಜಗಳವಾಡುತ್ತಾ ಬಿಇ ಮುಗಿಸಿ, ಇಬ್ಬರೂ ಬೆಂಗಳೂರಲ್ಲಿ ಕೀಬೋರ್ಡ್ ಕುಟ್ಟೋಕೆ ಬಂದವರು. ಲೇಆಫ್‌ನಲ್ಲಿ ಅವನ ಕೆಲಸ ಹೋಯ್ತು. ಯಾರೋ ಹೇಳಿದರು ಅಂತ ಒಬ್ಬ ಲೈಫ್ ಕೋಚ್ ಹತ್ತಿರ ಮೂರು ತಿಂಗಳ ಪ್ಯಾಕೇಜ್ ತಗೊಂಡ.

ಮೊದಲ ತಿಂಗಳು ನಿಜಕ್ಕೂ ಚೆನ್ನಾಗಿತ್ತು. ಹಾಸಿಗೆಯಿಂದ ಎದ್ದ, ರೆಸ್ಯೂಮೆ ತಿದ್ದಿದ, ಇಂಟರ್‌ವ್ಯೂಗೆ ಹೋಗತೊಡಗಿದ. ಎರಡನೇ ತಿಂಗಳು ಗೆರೆ ಮಸುಕಾಯ್ತು. ಮನೆಯವರ ಫೋನ್ ಸ್ವಲ್ಪ ದಿನ ಎತ್ತಬೇಡಿ ಅನ್ನುವ ಸಲಹೆ ಬಂತು. ಗೊತ್ತಾಗಿದ್ದ ಮದುವೆ ಬೇಕಾ ಅನ್ನುವ ಪ್ರಶ್ನೆ ಬಂತು. ಅಪ್ಪನ ಹೆಸರಿನ ಎರಡು ಎಕರೆ ಮಾರಿ ಹೊಸ ಕೋರ್ಸ್ ಮಾಡಬಹುದಲ್ಲ ಅನ್ನುವ ಮಾತೂ ಬಂತು. ಇವನೇನು ಕಡಿಮೆ ಇಲ್ಲ. ರಾತ್ರಿ ಒಂದು ಗಂಟೆಗೆ ಆ ಕೋಚ್‌ಗೆ ವಾಯ್ಸ್ ಮೆಸೇಜ್ ಕಳಿಸೋನು, ಯಾವ ಆಫರ್ ಒಪ್ಪಿಕೊಳ್ಳಲಿ ಅಂತ ಅವರನ್ನೇ ಕೇಳೋನು, ಉತ್ತರ ತಡವಾದರೆ ಸಿಟ್ಟಾಗೋನು. ನಡುವೆ ನಿದ್ದೆ ಪೂರ್ತಿ ಹೋಗಿತ್ತು. ಊಟ ಸೇರುತ್ತಿರಲಿಲ್ಲ. ಅದನ್ನ ಇಬ್ಬರೂ ‘ಮೋಟಿವೇಷನ್ ಕೊರತೆ’ ಅಂದುಕೊಂಡಿದ್ದರು.

ಒಂದು ದಿನ ನನಗೆ ಫೋನ್ ಮಾಡಿ ಕೇಳಿದ: “ದೋಸ್ತ, ಅವ್ರು ಹೇಳಿದ್ದ ಮಾಡ್ಬೇಕೋ ಬಿಡ್ಬೇಕೋ ತಿಳೀವಲ್ದು. ಅವ್ರ ಕೆಲಸ ಎಲ್ಲೀತನಕ, ನಂದು ಎಲ್ಲೀತನಕ?”

ನಮ್ಮ ಪ್ರಾಜೆಕ್ಟುಗಳಲ್ಲಿ ಇಂಥ ಪ್ರಶ್ನೆಗೆ ಸುಲಭದ ಉತ್ತರ ಇದೆ. ಸ್ಕೋಪ್ ಡಾಕ್ಯುಮೆಂಟ್ ತೆಗೆದು ನೋಡು ಅಂತೀವಿ. ಏನು ಮಾಡ್ತೀವಿ, ಏನು ಮಾಡಲ್ಲ, ಯಾವಾಗ ಮುಗಿಯುತ್ತೆ, ಯಾರು ಒಪ್ಪಿಗೆ ಕೊಡಬೇಕು, ಎಲ್ಲಾ ಅದರಲ್ಲಿರುತ್ತೆ. ಹತ್ತು ಸಾವಿರ ರೂಪಾಯಿಯ ವೆಬ್‌ಸೈಟಿಗೂ ಹೀಗೆ ಬರೆದುಕೊಳ್ಳುವ ನಾವು ಬದುಕಿನ ವಿಷಯಕ್ಕೆ ಬಂದಾಗ ಯುಪಿಐನಲ್ಲಿ ದುಡ್ಡು ಕಳಿಸಿ ಕೈ ಮುಗಿದು ಕೂತುಬಿಡ್ತೀವಿ. ಯಾಕೆ ಅಂತ ಯೋಚಿಸಿದರೆ, ನಮ್ಮ ತಲೆಯಲ್ಲಿ ಕೋಚ್ ಅಂದ್ರೆ ‘ಗುರು’. ಗುರುವಿನ ಹತ್ತಿರ ಷರತ್ತು ಮಾತಾಡೋದು ಅಹಂಕಾರ ಅಂತ ನಂಬಿಕೆ. ಕೇಳಿದ್ದಕ್ಕೆಲ್ಲ ಹೂಂ ಅನ್ನೋದೇ ನಮ್ಮ ಪರಂಪರೆ ಅಂತಲೂ ನಂಬಿಕೆ.

ಪರಂಪರೆ ಹಾಗೆ ಹೇಳುತ್ತಾ? ನಮ್ಮ ಜಿಲ್ಲೆಯ ಕಲ್ಲುಗಳನ್ನೇ ಕೇಳೋಣ.

ಕೊಪ್ಪಳದ ಗವಿಮಠಕ್ಕೆ ಜಾತ್ರೆ ಟೈಮಿನಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆ. ಮಠದ ಬೆಟ್ಟದ ಮೇಲೆ ಒಂದು ಬಂಡೆ ಇದೆ, ಅದರ ಮೇಲೆ ಬ್ರಾಹ್ಮಿ ಲಿಪಿಯ ಅಕ್ಷರಗಳಿವೆ. ಊರಿನ ಇನ್ನೊಂದು ಗುಡ್ಡ ಪಾಲ್ಕಿಗುಂಡು. ಕಲ್ಲಿನ ಮೇಲೆ ಚಪ್ಪಡಿ ಇಟ್ಟು ಪಲ್ಲಕ್ಕಿ ಮಾಡಿದ ಹಾಗೆ ಕಾಣುವ ಅಲ್ಲಿಯ ಬಂಡೆಯ ಮೇಲೂ ಅದೇ ಬರಹ ಇದೆ, ಆದರೆ ಬಹಳಷ್ಟು ಸವೆದಿದೆ. ಎರಡೂ ಅಶೋಕನ ಕಿರುಬಂಡೆ ಶಾಸನಗಳು, ಸುಮಾರು 2,250 ವರ್ಷ ಹಳೆಯವು. ಬೆಳಕಿಗೆ ಬಂದದ್ದು ಮಾತ್ರ 1931ರಲ್ಲಿ. ಆಗ ಕೊಪ್ಪಳ ನಿಜಾಮರ ಸೀಮೆಯಲ್ಲಿ ಸಾಲಾರ್ ಜಂಗ್ ಮನೆತನದ ಜಾಗೀರು. ಹಾಗಾಗಿ 1932ರಲ್ಲಿ ಇವುಗಳ ಪಾಠ ಪ್ರಕಟವಾದದ್ದು ಹೈದರಾಬಾದಿನ ಪುರಾತತ್ವ ಮಾಲಿಕೆಯಲ್ಲಿ, ಓದಿ ಕೊಟ್ಟದ್ದು ಲಂಡನ್ನಿನ ಭಾಷಾ ವಿದ್ವಾಂಸ ಆರ್. ಎಲ್. ಟರ್ನರ್. ಅದಕ್ಕೂ ಮುಂಚೆ, 1915ರಲ್ಲಿ, ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಇದೇ ಶಾಸನದ ಇನ್ನೊಂದು ಪ್ರತಿ ಸಿಕ್ಕಿತ್ತು. ಕಂಡುಹಿಡಿದವನು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಎಂಜಿನಿಯರುಗಳು ಇತಿಹಾಸಕ್ಕೆ ಕೊಟ್ಟ ಒಳ್ಳೇ ಕಾಣಿಕೆ ಅದು. ‘ದೇವಾನಾಂಪ್ರಿಯ’ ಅಂತ ಕರೆದುಕೊಳ್ಳುವ ರಾಜ ಅಶೋಕನೇ ಅನ್ನೋದು ಪಕ್ಕಾ ಆದದ್ದು ಮಸ್ಕಿಯಿಂದ.

ಗವಿಮಠದ ಬಂಡೆಯಲ್ಲಿ ರಾಜ ಏನು ಹೇಳ್ತಾನೆ? ಯುದ್ಧ ಗೆದ್ದ ಕಥೆ ಇಲ್ಲ. ತೆರಿಗೆ ಲೆಕ್ಕ ಇಲ್ಲ. ಇರೋದು ತನ್ನದೇ ಬದಲಾವಣೆಯ ಲೆಕ್ಕ. ಅದರ ಸಾರ ಹೀಗಿದೆ: ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಸ್ವಲ್ಪ ಹೆಚ್ಚೇ ಆಯ್ತು, ಆದರೆ ಗಟ್ಟಿಯಾಗಿ ಪ್ರಯತ್ನ ಮಾಡಿರಲಿಲ್ಲ. ಸಂಘದ ಹತ್ತಿರ ಹೋಗಿ ಒಂದು ವರ್ಷದ ಮೇಲಾಯ್ತು, ಈಗ ಗಟ್ಟಿಯಾಗಿ ಪ್ರಯತ್ನ ಪಡುತ್ತಿದ್ದೇನೆ. ಇದೆಲ್ಲ ಪ್ರಯತ್ನದ ಫಲ. ದೊಡ್ಡವರಿಗೆ ಮಾತ್ರ ಸಿಗೋದಲ್ಲ, ಸಣ್ಣವನೂ ಪ್ರಯತ್ನ ಪಟ್ಟರೆ ಸ್ವರ್ಗ ಗಳಿಸಬಹುದು. ಅದಕ್ಕೇ ಈ ಸಾರಿಕೆ.

ನನ್ನ ಕಣ್ಣಿಗೆ ಇದು ಭಾರತದ ಅತಿ ಹಳೆಯ ಪ್ರೋಗ್ರೆಸ್ ರಿಪೋರ್ಟ್. ಬರೆದವನು ಕ್ಲೈಂಟ್. ‘ಕೋಚ್’ ಬೌದ್ಧ ಸಂಘ. ಸಾಮ್ರಾಟನೊಬ್ಬ ಎರಡೂವರೆ ವರ್ಷದಲ್ಲಿ ಮೊದಲ ಭಾಗ ಹಾಗೇ ಹೋಯ್ತು ಅಂತ ಕಲ್ಲಿನಲ್ಲಿ ಕೆತ್ತಿಸ್ತಾನೆ. ಹೆಸರು ಕೊಟ್ಟು ಸೇರಿಕೊಂಡರೆ ಆಗಲ್ಲ, ಫೀಸು ಕಟ್ಟಿದರೆ ಆಗಲ್ಲ ಅನ್ನೋ ಮಾತು ಇದರಲ್ಲೇ ಇದೆ. ಸಂಘದ ಹತ್ತಿರ ಹೋದಮೇಲೆ ಬದಲಾವಣೆ ಬಂತು ಅನ್ನೋದನ್ನೂ ಮುಚ್ಚಿಡಲ್ಲ. ಆದರೆ ಫಲ ಬಂದದ್ದು ಯಾರಿಂದ ಅನ್ನುವ ಜಾಗದಲ್ಲಿ ‘ಸಂಘದ ಕೃಪೆ’ ಅಂತ ಬರೆಸಲ್ಲ, ‘ಪ್ರಯತ್ನದ ಫಲ’ ಅಂತ ಬರೆಸ್ತಾನೆ. ದಾರಿ ತೋರಿಸುವವರು ಇರಬೇಕು, ನಡೆಯೋದು ನಾನು. ಎರಡೂ ಕೆಲಸ ಬೇರೆ ಬೇರೆ.

ರಾಜ ಮತ್ತು ಸಂಘದ ನಡುವಿನ ಗೆರೆ ಯಾವಾಗಲೂ ನೇರವಾಗಿತ್ತು ಅಂತ ನಾನು ಹೇಳಲ್ಲ. ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕ ಇನ್ನೊಂದು ಶಾಸನ ಅಶೋಕ ನೇರವಾಗಿ ಸಂಘಕ್ಕೆ ಬರೆದ ಪತ್ರದ ಹಾಗಿದೆ. ಮೊದಲು ನಮಸ್ಕಾರ, ಆರೋಗ್ಯ ವಿಚಾರಣೆ. ಆಮೇಲೆ ಬುದ್ಧ ಹೇಳಿದ್ದೆಲ್ಲ ಒಳ್ಳೆಯದೇ ಅನ್ನುವ ಒಪ್ಪಿಗೆ. ಆಮೇಲೆ, ಆದರೂ ನನಗೆ ತೋಚಿದ್ದನ್ನ ಹೇಳ್ತೀನಿ ಅಂತ ಏಳು ಪಾಠಗಳ ಹೆಸರು ಕೊಟ್ಟು, ಭಿಕ್ಷು ಭಿಕ್ಷುಣಿಯರೂ ಉಪಾಸಕರೂ ಇವನ್ನ ಮತ್ತೆ ಮತ್ತೆ ಕೇಳಬೇಕು ಅಂತಾನೆ. ಕ್ಲೈಂಟೇ ಕೋಚ್‌ಗೆ ಓದುವ ಪಟ್ಟಿ ಕೊಟ್ಟ ಹಾಗಾಯ್ತು! ಸಾರನಾಥ, ಸಾಂಚಿ, ಕೌಶಾಂಬಿಯ ಶಾಸನಗಳಲ್ಲಿ ಇನ್ನೂ ಮುಂದೆ ಹೋಗ್ತಾನೆ. ಸಂಘ ಒಡೆಯುವ ಭಿಕ್ಷುವಿಗೆ ಬಿಳಿ ಬಟ್ಟೆ ಉಡಿಸಿ ಹೊರಗೆ ಕಳಿಸಬೇಕು ಅಂತ ಅಪ್ಪಣೆ ಮಾಡ್ತಾನೆ. ಅಧಿಕಾರ ಕೈಯಲ್ಲಿದ್ದ ಶಿಷ್ಯ ಗುರುಮನೆಯ ಒಳಗಿನ ವಿಷಯಕ್ಕೂ ಕೈ ಹಾಕಿದ ಉದಾಹರಣೆ ಇದು. ಗೆರೆ ದಾಟೋದು ಯಾವಾಗಲೂ ಕೋಚ್ ಕಡೆಯಿಂದಲೇ ಅಂದುಕೊಳ್ಳಬಾರದು. ದುಡ್ಡು ಕೊಡುವವನು, ಪದವಿ ಇರುವವನು ಕೂಡ ದಾಟುತ್ತಾನೆ. ರಾತ್ರಿ ಒಂದು ಗಂಟೆಯ ವಾಯ್ಸ್ ಮೆಸೇಜ್ ಅದೇ ಜಾತಿಯದು.

ಇನ್ನೊಂದು ಕಲ್ಲಿನ ಮಾತು ಹೇಳಿ ಅಶೋಕನನ್ನ ಬಿಡ್ತೀನಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಕಿರುಬಂಡೆ ಶಾಸನದ ಎರಡನೇ ಭಾಗವೂ ಇದೆ. ಅಪ್ಪ ಅಮ್ಮನ ಮಾತು ಕೇಳಬೇಕು, ಸತ್ಯ ಹೇಳಬೇಕು, ಶಿಷ್ಯ ಆಚಾರ್ಯನನ್ನ ಗೌರವಿಸಬೇಕು, ಬಂಧುಗಳ ಜೊತೆ ಸರಿಯಾಗಿ ನಡೆದುಕೊಳ್ಳಬೇಕು. ಕ್ರಮ ಗಮನಿಸಿ. ಆಚಾರ್ಯನ ಗೌರವ ಇದೆ, ಅದರ ಹಿಂದೆಮುಂದೆ ಅಪ್ಪ ಅಮ್ಮನೂ ಬಂಧುಗಳೂ ಇದ್ದಾರೆ. ಗುರು ಸಿಕ್ಕ ಅಂತ ಮನೆಯವರ ಫೋನ್ ಎತ್ತಬೇಡ ಅನ್ನುವ ಪಾಠ ಅಲ್ಲಿಲ್ಲ. ನಿಜ, ಕೆಲವರಿಗೆ ಮನೆಯೇ ನರಕವಾಗಿರುತ್ತೆ, ದೂರ ಇರೋದೇ ಕ್ಷೇಮ ಆಗಿರುತ್ತೆ. ಆದರೆ ಆ ತೀರ್ಮಾನ ಅವರದಾಗಬೇಕು. ಆಂಧ್ರದ ಎರ್ರಗುಡಿಯಲ್ಲಿರುವ ಪ್ರತಿಯಲ್ಲಂತೂ ಶಿಷ್ಯರಿಗೆ ಹೀಗೆ ಕಲಿಸಬೇಕಾದವರ ಪಟ್ಟಿಯೇ ಇದೆ: ಆನೆ ನಡೆಸುವವರು, ಲೆಕ್ಕ ಬರೆಯುವವರು, ರಥದ ಪಾಠ ಹೇಳುವವರು, ಬ್ರಾಹ್ಮಣರು. ಹಂಗೇರಿಯ ಬಂಡಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮುಂಚೆಯೇ ನಮ್ಮಲ್ಲಿ ‘ಬಂಡಿ ಮೇಷ್ಟ್ರು’ ಇದ್ದರು ಅಂತಾಯ್ತು.

ಈಗ ಪಾಲ್ಕಿಗುಂಡಿಗೆ ವಾಪಸ್ ಬರೋಣ. ಅಶೋಕನ ಸವೆದ ಅಕ್ಷರಗಳ ಹತ್ತಿರವೇ ಬಂಡೆಯಲ್ಲಿ ಕಡೆದ ಒಂದು ಜೊತೆ ಪಾದಗಳಿವೆ. ಪಕ್ಕದಲ್ಲಿ ಹಳಗನ್ನಡದ ಪುಟ್ಟ ಬರಹ. ಅದು ಹೇಳೋದು ಇಷ್ಟೇ: ಜಟಾಸಿಂಹನಂದಿ ಆಚಾರ್ಯರ ಪಾದವನ್ನ ಚಾವಯ್ಯ ಮಾಡಿಸಿದ. ಜಟಾಸಿಂಹನಂದಿ ಸಂಸ್ಕೃತದ ‘ವರಾಂಗಚರಿತ’ ಬರೆದ ಜೈನ ಮುನಿ. ಚಾವಯ್ಯ ಯಾರು, ಏನು ಕೆಲಸ ಮಾಡ್ತಿದ್ದ ಅಂತ ಕಲ್ಲು ಹೇಳಲ್ಲ. ಗುರುವಿಗೆ ಗೌರವ ತೋರಿಸಿ, ತನ್ನ ಹೆಸರು ಹೇಳಿ ಸುಮ್ಮನಾಗಿದ್ದಾನೆ.

ಆ ಕಾಲದ ಕೊಪ್ಪಳಕ್ಕೆ ಕೊಪಣ ಅಂತ ಹೆಸರು. ಜೈನರ ಮಹಾತೀರ್ಥ. ಶಕ 803, ಅಂದರೆ ಕ್ರಿ.ಶ. 881ರ ಇಲ್ಲಿನ ಒಂದು ಶಾಸನ ಸರ್ವನಂದಿ ಭಟಾರ ಅನ್ನುವ ಮುನಿಯನ್ನ ನೆನೆಯುತ್ತೆ. ಇಲ್ಲಿಗೆ ಬಂದು ನೆಲೆಸಿ, ಊರಿನವರಿಗೆ ಉಪದೇಶ ಮಾಡಿ, ಬಹುಕಾಲ ತಪಸ್ಸು ಮಾಡಿ, ಕೊನೆಗೆ ಸಂನ್ಯಸನ ವಿಧಿಯಿಂದ ದೇಹ ಬಿಟ್ಟರು ಅಂತ. ಸಲ್ಲೇಖನ ಸರಿಯೋ ತಪ್ಪೋ ಅನ್ನುವ ಚರ್ಚೆ ನನ್ನ ವಿಷಯ ಅಲ್ಲ. ನನಗೆ ಬೇಕಾದದ್ದು, ಮನುಷ್ಯ ತೀರಾ ದುರ್ಬಲವಾಗಿರುವ ಹೊತ್ತಿನಲ್ಲಿ ಅವನ ಪಕ್ಕ ಕೂರುವ ಮಾರ್ಗದರ್ಶಕನಿಗೆ ಆ ಪರಂಪರೆ ಏನೇನು ಕಟ್ಟುಪಾಡು ಹಾಕಿತ್ತು ಅನ್ನೋದು.

ಕನ್ನಡದ ಹಳೆಯ ಗದ್ಯಗ್ರಂಥ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಿಗೆ ಮೂಲದ ಎಳೆ ಸಿಗೋದು ‘ಭಗವತೀ ಆರಾಧನಾ’ ಅನ್ನುವ ಪ್ರಾಕೃತ ಗ್ರಂಥದಲ್ಲಿ. ಅದರಲ್ಲಿ ಈ ಮಾರ್ಗದರ್ಶಕನಿಗೆ ನಿರ್ಯಾಪಕಾಚಾರ್ಯ ಅಂತ ಹೆಸರು. ಅಲ್ಲಿನ ನಿಯಮಗಳನ್ನ ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯ್ತು. ಬಂದವನನ್ನ ಆಚಾರ್ಯ ತಕ್ಷಣ ಒಪ್ಪಿಕೊಳ್ಳುವ ಹಾಗಿಲ್ಲ, ಪರೀಕ್ಷಿಸಬೇಕು, ತನ್ನ ಸಂಘದವರನ್ನ ಕೇಳಬೇಕು. ಸೇವೆಗೆ ನಲವತ್ತೆಂಟು ಜನ ನಿರ್ಯಾಪಕರ ತನಕ ಇರಬಹುದು, ಕಡಿಮೆ ಅಂದರೂ ಇಬ್ಬರು ಬೇಕು. ಒಬ್ಬನೇ ಇರಕೂಡದು. ಒಬ್ಬನೇ ಆದರೆ ತನ್ನನ್ನೂ ನೋಡಿಕೊಳ್ಳಲಾರ, ನಂಬಿ ಬಂದವನನ್ನೂ ನೋಡಿಕೊಳ್ಳಲಾರ ಅನ್ನೋದು ಕಾರಣ. ಇನ್ನೊಂದು, ಆಚಾರ್ಯನಿಗೆ ಇರಬೇಕಾದ ಗುಣಗಳಲ್ಲಿ ‘ಅಪರಿಸ್ರಾವಿ’ ಅಂತ ಒಂದು. ಅಂದರೆ ಸೋರದವನು. ಕಾದ ಕಬ್ಬಿಣ ಕುಡಿದ ನೀರು ಹೇಗೆ ಹೊರಗೆ ಬರೋದಿಲ್ಲವೋ ಹಾಗೆ ಶಿಷ್ಯ ತೋಡಿಕೊಂಡ ತಪ್ಪುಗಳು ಆಚಾರ್ಯನಿಂದ ಆಚೆ ಹೋಗಬಾರದು.

ಇವತ್ತಿನ ಭಾಷೆಯಲ್ಲಿ ಇದಕ್ಕೆ ಕಾನ್ಫಿಡೆನ್ಶಿಯಾಲಿಟಿ ಅಂತೀವಿ. ಯಾರ ಕಣ್ಣೀರಿನ ಕಥೆಯನ್ನೋ ಹೆಸರು ಬದಲಿಸಿ ರೀಲ್ಸ್ ಮಾಡಿ ಹಾಕುವ ಕೋಚ್‌ಗಳನ್ನ ನೋಡಿದಾಗಲೆಲ್ಲ ನನಗೆ ಆ ಕಾದ ಕಬ್ಬಿಣ ನೆನಪಾಗುತ್ತೆ.

ಕೊಪ್ಪಳದಿಂದ ಯಲಬುರ್ಗಾ ಕಡೆ ಹೋದರೆ ಕುಕನೂರಿನ ಹತ್ತಿರ ಇಟಗಿ ಸಿಗುತ್ತೆ. ಅಲ್ಲಿನ ಮಹಾದೇವ ದೇವಾಲಯವನ್ನ ಕಟ್ಟಿಸಿದ್ದು 1112ರಲ್ಲಿ, ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನ ‘ದೇವಾಲಯ ಚಕ್ರವರ್ತಿ’ ಅಂತ ಹೊಗಳುತ್ತೆ, ನೋಡಿದವರು ಯಾರೂ ತಕರಾರು ತೆಗೆಯಲಾರರು. ಆ ಕಾಲದಲ್ಲಿ ನಮ್ಮ ಸೀಮೆಯ ತುಂಬ ಶೈವ ಮಠಗಳಿದ್ದವು. ರಾಜರು, ಅಧಿಕಾರಿಗಳು, ವರ್ತಕರು ಅವಕ್ಕೆ ಭೂಮಿ ಕೊಡುತ್ತಿದ್ದರು. ಕಾಳಾಮುಖ ಮಠಗಳಿಗೆ ಕೊಟ್ಟ ಹಲವು ದಾನಶಾಸನಗಳಲ್ಲಿ ಒಂದು ಷರತ್ತು ಕಾಣುತ್ತೆ. ಆಚಾರ್ಯ ನೈಷ್ಠಿಕ ಬ್ರಹ್ಮಚಾರಿಯಾಗಿರಬೇಕು, ನಡತೆ ತಪ್ಪಿದವರು ಮಠದಲ್ಲಿ ಇರಕೂಡದು, ಅಂಥವರನ್ನ ಅರಸನೂ ಊರವರೂ ಸೇರಿ ಹೊರಗೆ ಹಾಕಬೇಕು.

ಆ ಮಠದ ಆಚಾರ್ಯರಿಗೆ ರಾಜರೇ ಕಾಲು ತೊಳೆದು ದಾನ ಕೊಡುತ್ತಿದ್ದರು. ಹಾಗೆ ಕಾಲು ತೊಳೆದ ಕೈಯೇ ಕಲ್ಲಿನ ಮೇಲೆ ಷರತ್ತನ್ನೂ ಬರೆಸುತ್ತಿತ್ತು. ಭಕ್ತಿಗೆ ಷರತ್ತು ಅಡ್ಡ ಬರಲಿಲ್ಲ. ಗುರುವಿಗೂ ಶಿಷ್ಯನಿಗೂ ಮಧ್ಯೆ ಮೂರನೇ ಕಣ್ಣೊಂದು ಇರುತ್ತಿತ್ತು, ಅದು ಊರು. ನಾಲ್ಕು ಗೋಡೆಯ ನಡುವೆ, ಅಥವಾ ಝೂಮ್ ಕಿಟಕಿಯ ನಡುವೆ, ಇಬ್ಬರೇ ಇರುವ ಸಂಬಂಧಕ್ಕೆ ಇವತ್ತು ಆ ಮೂರನೇ ಕಣ್ಣು ಯಾವುದು ಅಂತ ಕೇಳಿಕೊಳ್ಳಬೇಕು.

ಗಂಗಾವತಿ ದಾಟಿ ಆನೆಗೊಂದಿಗೆ ಬಂದರೆ ತುಂಗಭದ್ರೆಯ ನಡುಗಡ್ಡೆಯಲ್ಲಿ ನವಬೃಂದಾವನ ಇದೆ. ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳು, ಅವುಗಳಲ್ಲಿ ಒಂದು 1539ರಲ್ಲಿ ತೀರಿಕೊಂಡ ವ್ಯಾಸತೀರ್ಥರದು. 1509ರಿಂದ 1529ರ ತನಕ ಆಳಿದ ಕೃಷ್ಣದೇವರಾಯ ಅವರನ್ನ ಗುರುವಿನಂತೆ ಕಂಡವನು. ನಮ್ಮ ಕಡೆ ಹೇಳುವ ಕಥೆ ನಿಮಗೂ ಗೊತ್ತಿರಬಹುದು. ರಾಯನಿಗೆ ಕುಹೂಯೋಗ ಅನ್ನುವ ಕೆಟ್ಟ ಗಳಿಗೆ ಬಂತು, ಆ ಹೊತ್ತಿನಲ್ಲಿ ಸಿಂಹಾಸನದ ಮೇಲೆ ಕೂತವರಿಗೆ ಕೇಡು ಅಂತ ಜ್ಯೋತಿಷ್ಯ ಹೇಳಿತು. ವ್ಯಾಸತೀರ್ಥರು ತಾವೇ ಸಿಂಹಾಸನ ಏರಿ ಗಳಿಗೆ ಕಳೆಯುವ ತನಕ ಕೂತರು, ಕಳೆದ ಮೇಲೆ ಇಳಿದು ರಾಯನಿಗೆ ವಾಪಸ್ ಕೊಟ್ಟರು. ಅದಕ್ಕೇ ಅವರು ‘ವ್ಯಾಸರಾಯ’ ಆದರು ಅಂತ ಪ್ರತೀತಿ.

ಇದು ಸಂಪ್ರದಾಯದ ಕಥೆ, ಇತಿಹಾಸದ ಸಾಕ್ಷಿಯಾಗಿ ನಾನು ಹಿಡಿಯಲ್ಲ. ಆದರೆ ಜನ ಐದು ನೂರು ವರ್ಷ ಒಂದು ಕಥೆ ಉಳಿಸಿಕೊಂಡಿದ್ದಾರೆ ಅಂದ್ರೆ ಅವರಿಗೆ ಅದರಲ್ಲಿ ಏನೋ ಇಷ್ಟವಾಗಿದೆ. ನನಗೆ ಕಾಣೋದು ಇದು: ಕಷ್ಟದ ಹೊತ್ತಿನಲ್ಲಿ ಗುರು ಶಿಷ್ಯನ ಕುರ್ಚಿಯಲ್ಲಿ ಕೂರಬಹುದು. ಆದರೆ ಅವಧಿ ಗೊತ್ತಿರಬೇಕು, ಮುಗಿದ ಕೂಡಲೇ ಇಳಿಯಬೇಕು. ಜನ ಮೆಚ್ಚಿದ್ದು ಏರಿದ್ದನ್ನ ಅಷ್ಟೇ ಅಲ್ಲ, ಇಳಿದದ್ದನ್ನ. ಇಳಿಯದೇ ಇದ್ದಿದ್ದರೆ ಅದು ಬೇರೆಯೇ ಕಥೆ ಆಗುತ್ತಿತ್ತು.

ಹೊಸ ಕಾಲದ ಕೋಚಿಂಗ್ ಕೂಡ ಸುತ್ತಿ ಬಳಸಿ ಇದೇ ಜಾಗಕ್ಕೆ ಬಂದಿದೆ. ಅಮೆರಿಕದಲ್ಲಿ ಥಾಮಸ್ ಲಿಯೊನಾರ್ಡ್ ಅನ್ನುವ ಹಣಕಾಸು ಸಲಹೆಗಾರ, ಜನ ತನ್ನ ಹತ್ತಿರ ದುಡ್ಡಿನ ವಿಷಯಕ್ಕಿಂತ ಬದುಕಿನ ವಿಷಯವನ್ನೇ ಹೆಚ್ಚು ಮಾತಾಡ್ತಾರೆ ಅಂತ ಕಂಡು ಇದನ್ನೇ ವೃತ್ತಿ ಮಾಡಿಕೊಂಡ. 1995ರಲ್ಲಿ ಅವನು ಶುರುಮಾಡಿದ ಸಂಸ್ಥೆ ಇವತ್ತಿನ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್. ಅದರ ನೀತಿಸಂಹಿತೆ ಕೇಳೋದು ಏನು? ಶುರುವಿಗೇ ಒಪ್ಪಂದ ಮಾಡಿಕೊಳ್ಳಿ. ಕೋಚಿಂಗ್ ಅಂದರೆ ಏನು, ಏನು ಅಲ್ಲ ಅಂತ ತಿಳಿಸಿ. ಗುಟ್ಟು ಕಾಪಾಡಿ, ಯಾವ ಸಂದರ್ಭದಲ್ಲಿ ಕಾಪಾಡಲಾಗದು ಅಂತ ಮೊದಲೇ ಹೇಳಿ. ನಿಮ್ಮ ಕೈಲಾಗದ ವಿಷಯ ಬಂದರೆ ಬೇರೆಯವರ ಹತ್ತಿರ ಕಳಿಸಿ. ಯಾವ ಹಂತದಲ್ಲಾದರೂ ನಿಲ್ಲಿಸುವ ಹಕ್ಕು ಕ್ಲೈಂಟ್‌ಗೆ ಇರಲಿ. ಆದರೆ ಇದು ಸದಸ್ಯರಿಗೆ, ಪ್ರಮಾಣಪತ್ರ ತಗೊಂಡವರಿಗೆ ಅನ್ವಯಿಸುವ ಮಾತು. ನಮ್ಮ ದೇಶದಲ್ಲಿ ಮನೋವೈದ್ಯರಿಗೆ ವೈದ್ಯಕೀಯ ನೋಂದಣಿ ಬೇಕು, ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಲೈಫ್ ಕೋಚ್ ಅಂತ ಬೋರ್ಡ್ ಹಾಕೋಕೆ ಅಂಥದ್ದೇನೂ ಬೇಡ. ನಾಳೆ ನಾನೂ ಹಾಕಬಹುದು. ಹಾಗಾಗಿ ಗೆರೆ ಎಳೆದುಕೊಳ್ಳುವ ಕೆಲಸ ಆ ಇಬ್ಬರ ಮೇಲೇ ಬೀಳುತ್ತೆ.

ಇಷ್ಟೆಲ್ಲ ಗೆಳೆಯನಿಗೆ ಫೋನಿನಲ್ಲಿ ಹೇಳಲಿಲ್ಲ. ಹೇಳಿದ್ದರೆ ಫೋನ್ ಇಟ್ಟುಬಿಡ್ತಿದ್ದ. ಇಬ್ಬರೂ ಕೂತು ಒಂದು ಪುಟ ಬರೆದೆವು. ಅದರಲ್ಲಿದ್ದ ವಿಷಯ ನಿಮಗೂ ಉಪಯೋಗ ಆಗಬಹುದು ಅಂತ ಇಲ್ಲಿ ಹೇಳ್ತೀನಿ.

ಮೊದಲನೆಯದು, ಯಾವ ಊರಿಗೆ ಹೋಗಬೇಕು ಅನ್ನೋದು. ‘ಬದುಕು ಸರಿಹೋಗಬೇಕು’ ಅನ್ನೋದು ಊರಿನ ಹೆಸರಲ್ಲ. ‘ಮೂರು ತಿಂಗಳಲ್ಲಿ ಕೆಲಸ ಹುಡುಕುವ ಶಿಸ್ತು ಬರಬೇಕು’ ಅನ್ನೋದು ಊರು. ಎರಡನೆಯದು, ಯಾವ ವಿಷಯ ಮಾತಾಡೋದಿಲ್ಲ ಅನ್ನೋದು. ಮದುವೆ, ಹೊಲ, ಅಪ್ಪ ಅಮ್ಮ ಇವು ಅವನಾಗೇ ಎತ್ತದ ಹೊರತು ಚರ್ಚೆಗಿಲ್ಲ, ಎತ್ತಿದರೂ ತೀರ್ಮಾನ ಅವನದೇ. ಮೂರನೆಯದು, ಸಮಯ. ವಾರಕ್ಕೊಂದು ಸಲ ಒಂದು ಗಂಟೆ. ನಡುವೆ ಮೆಸೇಜ್ ಕಳಿಸಿದರೆ ಉತ್ತರ ಮಾರನೇ ದಿನ, ರಾತ್ರಿ ಒಂಬತ್ತರ ಮೇಲೆ ಯಾರೂ ಯಾರಿಗೂ ಕಳಿಸುವ ಹಾಗಿಲ್ಲ. ನಾಲ್ಕನೆಯದು, ಅವನ ಪಾಲಿನ ಕೆಲಸ: ಒಪ್ಪಿಕೊಂಡ ಹೋಮ್‌ವರ್ಕ್ ಮಾಡೋದು, ಮಾಡದಿದ್ದರೆ ಮಾಡಿಲ್ಲ ಅಂತ ನೇರ ಹೇಳೋದು, ಫೀಸು ದಿನಕ್ಕೆ ಸರಿಯಾಗಿ ಕೊಡೋದು. ಐದನೆಯದು, ಅವನು ಹೇಳಿದ ಯಾವ ಮಾತೂ, ಹೆಸರಿಲ್ಲದೆ ಕೂಡ, ಎಲ್ಲೂ ಬಳಸಬಾರದು. ಆರನೆಯದು, ಮುಗಿಯುವ ತಾರೀಕು. ಮುಂದುವರಿಸೋದಾದರೆ ಆ ದಿನ ಹೊಸದಾಗಿ ಮಾತಾಡೋದು. ಕೊನೆಯದು, ನಿದ್ದೆ, ಊಟ, ಸಾಯುವ ಯೋಚನೆ ಇಂಥ ಮಾತು ಬಂದರೆ ಅದು ಕೋಚಿಂಗ್ ಅಲ್ಲ, ಡಾಕ್ಟರ ಕೆಲಸ ಅನ್ನೋದು.

ಆ ಕೊನೆಯ ಸಾಲು ಬರೆಯುವಾಗ ಅವನು ಪೆನ್ನು ನಿಲ್ಲಿಸಿದ. “ಇದ ಬರದ್ರ ನಂಗ ಹುಚ್ಚ ಹಿಡದೈತಿ ಅಂತ ತಿಳ್ಕೊಂತಾರಲೇ” ಅಂದ. ನಮ್ಮ ಕಡೆ ಈ ಹೆದರಿಕೆ ಇನ್ನೂ ಹೋಗಿಲ್ಲ. ಲೈಫ್ ಕೋಚ್ ಹತ್ತಿರ ಹೋಗ್ತೀನಿ ಅಂದರೆ ಮಾಡರ್ನ್, ಮನೋವೈದ್ಯರ ಹತ್ತಿರ ಹೋಗ್ತೀನಿ ಅಂದರೆ ಮದುವೆ ಮುರಿಯುವ ಸುದ್ದಿ. ಹಾಗಾಗಿ ಡಾಕ್ಟರ ಹತ್ತಿರ ಹೋಗಬೇಕಾದ ಎಷ್ಟೋ ಜನ ಕೋಚ್ ಹತ್ತಿರ ಹೋಗಿ ಕೂರ್ತಾರೆ. ಗೆರೆ ಇಲ್ಲದಿದ್ದರೆ ಆಗುವ ಅತಿ ದೊಡ್ಡ ಹಾನಿ ಇದೇ. ದುಡ್ಡು ಹೋದರೆ ದುಡಿಯಬಹುದು, ತಡವಾದ ಚಿಕಿತ್ಸೆಗೆ ಕೆಲವೊಮ್ಮೆ ಎರಡನೇ ಅವಕಾಶ ಇರಲ್ಲ. 2022ರಿಂದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ. ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಆ ಪುಟ ಕಳಿಸಿದ ಮೇಲೆ ಕೋಚ್ ಕಡೆಯಿಂದ ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಬಂತು. ಬಹುತೇಕ ಒಪ್ಪಿಗೆ ಇತ್ತು, ಫೀಸಿನ ವಿಷಯದಲ್ಲಿ ಒಂದು ತಿದ್ದುಪಡಿ ಇತ್ತು. ಕೊನೆಯ ಅಂಶದ ಬಗ್ಗೆ ಹೀಗಿತ್ತು: ನಿದ್ದೆಯ ವಿಷಯ ನನ್ನ ಕೆಲಸದ ಹೊರಗಿನದು, ಮೊದಲು ಡಾಕ್ಟರನ್ನ ಕಾಣಿ, ಅವರು ಸರಿ ಅಂದಮೇಲೆ ಮುಂದುವರಿಸೋಣ. ಗೆಳೆಯ ಡಾಕ್ಟರ ಹತ್ತಿರ ಹೋದ, ಔಷಧಿ ಶುರುವಾಯ್ತು, ನಿದ್ದೆ ವಾಪಸ್ ಬಂತು. ಉಳಿದ ಕೋಚಿಂಗನ್ನೂ ಮುಗಿಸಿದ, ಮುಗಿಯುವ ತಾರೀಕಿಗೆ ಸರಿಯಾಗಿ. ಎರಡು ಎಕರೆ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಮದುವೆಯ ಮಾತು ಅವನೂ ಆ ಹುಡುಗಿಯೂ ಕೂತು ಆಡಿಕೊಂಡರು. ಅದರ ಫಲಿತಾಂಶ ನಾನು ಬರೆಯಲ್ಲ, ಅದು ಅವರ ಗೆರೆಯ ಒಳಗಿನದು.

ನನಗೆ ಇದರಲ್ಲಿ ಹಿಡಿಸಿದ್ದು, ಆ ಕೋಚ್ ಕೆಟ್ಟವರಾಗಿರಲಿಲ್ಲ ಅನ್ನೋದು. ಎಲ್ಲಿ ನಿಲ್ಲಬೇಕು ಅಂತ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಹೊಲಕ್ಕೆ ಬದು ಇಲ್ಲದಿದ್ದರೆ ಪಕ್ಕದವನು ಕಳ್ಳ ಅಂತಲ್ಲ, ನೇಗಿಲು ತಾನಾಗೇ ಅತ್ತ ಹೋಗುತ್ತೆ. ಬದು ಹಾಕಿದ ಮೇಲೆ ಅದೇ ಪಕ್ಕದವರು ಬದುವಿನ ಮೇಲೆ ಕೂತು ಬುತ್ತಿ ಹಂಚಿಕೊಂಡು ತಿನ್ನೋದನ್ನ ನಾನು ಚಿಕ್ಕಂದಿನಿಂದ ನೋಡಿದ್ದೀನಿ.

ಗವಿಮಠದ ಶಾಸನದ ಕೊನೆಯಲ್ಲಿ ಅಶೋಕ ಒಂದು ಆಸೆ ಹೇಳ್ತಾನೆ. ಸಣ್ಣವರೂ ದೊಡ್ಡವರೂ ಪ್ರಯತ್ನ ಪಡಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ, ಈ ಪ್ರಯತ್ನ ಬಹುಕಾಲ ನಿಲ್ಲಲಿ, ಒಂದೂವರೆ ಪಟ್ಟು ಬೆಳೆಯಲಿ ಅಂತ. ಹತ್ತು ಪಟ್ಟು ಅನ್ನಲಿಲ್ಲ, ನೂರು ಪಟ್ಟು ಅನ್ನಲಿಲ್ಲ. ಭಾರತದ ಬಹುಭಾಗ ಆಳುತ್ತಿದ್ದ ಮನುಷ್ಯ ಎರಡೂವರೆ ವರ್ಷದ ಅನುಭವದ ಮೇಲೆ ಇಟ್ಟುಕೊಂಡ ನಿರೀಕ್ಷೆ ಒಂದೂವರೆ ಪಟ್ಟು. ತೊಂಬತ್ತು ದಿನದಲ್ಲಿ ನಿಮ್ಮ ಬದುಕನ್ನೇ ಬದಲಿಸಿಬಿಡ್ತೀನಿ ಅಂತ ಯಾರಾದರೂ ಹೇಳಿದರೆ, ದುಡ್ಡು ಕಳಿಸುವ ಮುಂಚೆ ಈ ಲೆಕ್ಕ ನೆನಪು ಮಾಡಿಕೊಳ್ಳಿ.